ಮೂರು ಇಂಚು ಬೇಕಿರಲಿಲ್ಲ: ಚಿಂಚೋಳಿಯ ಯರಿ ಹೊಲಕ್ಕೆ ಹೋಗುವ ಜಿಮ್ನಿಗೆ ಲಿಫ್ಟ್ ಕಿಟ್ ಆರಿಸಿದ ಬಗೆ

ಗಾಡಿ ಐದು ಬಾಗಿಲಿನ ಮಾರುತಿ ಜಿಮ್ನಿ, ಮ್ಯಾನುಯಲ್ ಗೇರ್, ಕೆಎ-32 ನೋಂದಣಿ. ಮಾಲೀಕರ ಮನೆ ಕಲಬುರಗಿಯಲ್ಲಿ, ತೊಗರಿ ಹೊಲ ಚಿಂಚೋಳಿ ತಾಲ್ಲೂಕಿನಲ್ಲಿ, ಕುಂಚಾವರಂ ಗುಡ್ಡಗಳ ಈಚೆಗೆ. ದಾರಿಯ ಬಹುಪಾಲು ಡಾಂಬರು. ಕೊನೆಯ ತುಂಡು ಮಾತ್ರ ಕಚ್ಚಾ: ಮೊದಲು ಯರಿ (ಕಪ್ಪು ಜೇಡಿ) ನೆಲದ ಬಂಡಿ ದಾರಿ, ನಡುವೆ ಒಂದು ಹಳ್ಳ, ಆಮೇಲೆ ಮುರುಮಿನ ಏರು. ಹಿಂದಿನ ಸೀಟು ಮಡಚಿ ಪಂಪು, ಪೈಪು, ಬೀಜದ ಚೀಲ, ಪಾನಾ ಡಬ್ಬಿ ಹೇರುತ್ತಾರೆ. ಸಾಮಾನ್ಯವಾಗಿ ಇಬ್ಬರೇ ಕೂರುವುದು.

ದೂರು ಇಷ್ಟು. ಟ್ರ್ಯಾಕ್ಟರ್ ಓಡಾಡಿ ಎರಡೂ ಕಡೆ ಜಾಡು ಇಳಿದಿದೆ, ನಡುವೆ ಉಳಿದ ದಿಬ್ಬ ಗಾಡಿಯ ಹೊಟ್ಟೆಗೆ ಉಜ್ಜುತ್ತದೆ. ಮಳೆಗಾಲದಲ್ಲಿ ಗಾಲಿ ಮೇಲಿನ ಕಮಾನಿನಲ್ಲಿ ರಾಡಿ ಕಟ್ಟಿ, ಒಳಗಿನ ಪ್ಲಾಸ್ಟಿಕ್ ಲೈನರ್ ಒಂದು ಸಲ ಕಿತ್ತು ಬಂದಿತ್ತು. ಮಾಲೀಕರು ಕೇಳಿಕೊಂಡು ಬಂದದ್ದು ಗಾಡಿಯನ್ನು 3 ಇಂಚು ಎತ್ತುವ ಲಿಫ್ಟ್ ಕಿಟ್, 235/75 ಆರ್15 ಮಡ್ ಟೈರ್, ಕಬ್ಬಿಣದ ಬಂಪರ್, ಸಿಕ್ಕಿಬಿದ್ದ ಗಾಡಿ ಎಳೆಯುವ ವಿಂಚ್. "ಮೂರ್ ಇಂಚ್ ಎತ್ತಿಸಿಬಿಟ್ರ ಮುಗೀತಲ್ರಿ?" ಎಂಬುದು ಅವರ ಪ್ರಶ್ನೆ.

ಮುಗಿಯುವುದಿಲ್ಲ. ಜಿಮ್ನಿಗೆ ಮುಂದೆಯೂ ಹಿಂದೆಯೂ ಒಂದೇ ದಂಡದ ಗಟ್ಟಿ ಆಕ್ಸಲ್, ಅದರ ಮೇಲೆ ಕಾಯಿಲ್ ಸ್ಪ್ರಿಂಗ್. ಲಿಫ್ಟ್ ಕಿಟ್ ಎತ್ತುವುದು ಚಾಸಿ ಮತ್ತು ಬಾಡಿಯನ್ನು. ಆಕ್ಸಲ್ ಇದ್ದಲ್ಲೇ ಇರುತ್ತದೆ. ಕಂಪನಿ ಹೇಳುವ 210 ಮಿ.ಮೀ. ನೆಲದ ಅಂತರ ಈ ಆಕ್ಸಲ್‌ಗಳ ಕೆಳಗಿನ ಜಾಗ. ಸ್ಪ್ರಿಂಗ್ ಎಷ್ಟೇ ಉದ್ದ ಹಾಕಿದರೂ ಆ ಅಂಕಿ ಅಲುಗುವುದಿಲ್ಲ. ಅದನ್ನು ಹೆಚ್ಚಿಸುವುದು ಟೈರ್ ಮಾತ್ರ, ಅದೂ ವ್ಯಾಸ ಹೆಚ್ಚಿದ್ದರಲ್ಲಿ ಅರ್ಧದಷ್ಟೇ. ಹಾಗಾಗಿ ಕಿಟ್‌ನ ಮಾತಿಗೆ ಮೊದಲು, ಬಡಿಯುತ್ತಿರುವುದು ಆಕ್ಸಲ್ಲೋ ಹೊಟ್ಟೆಯೋ ಎಂದು ತಿಳಿಯಬೇಕಿತ್ತು.

ಸುಣ್ಣ ಬಳಿದು ನೋಡಿದ್ದು

ಇದಕ್ಕೆ ಯಂತ್ರ ಬೇಡ. ಅಡಿಭಾಗವನ್ನು ತೊಳೆದು ಒಣಗಿಸಿ, ಗಟ್ಟಿಯಾಗಿ ಕಲಸಿದ ಸುಣ್ಣವನ್ನು ಕುಂಚದಿಂದ ಎಲ್ಲ ತಗ್ಗು ಜಾಗಗಳಿಗೂ ಬಳಿಯಲಾಯಿತು: ಎರಡೂ ಡಿಫರೆನ್ಷಿಯಲ್ ಹೌಸಿಂಗ್ (ಆಕ್ಸಲ್ಲಿನಲ್ಲಿ ಗೇರ್ ಕೂರುವ ಉಬ್ಬು), ಆಕ್ಸಲ್ಲಿನ ಮೇಲೆ ಅದನ್ನು ಚಾಸಿಗೆ ಹಿಡಿಯುವ ತೋಳು ಮತ್ತು ಶಾಕ್ ಅಬ್ಸಾರ್ಬರ್ ಕೂರುವ ಬ್ರ್ಯಾಕೆಟ್‌ಗಳು, ಟ್ರಾನ್ಸ್‌ಫರ್ ಕೇಸಿನ (ಮುಂದಿನ ಹಿಂದಿನ ಆಕ್ಸಲ್ಲಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಕೆಳಗಿನ ಅಡ್ಡಪಟ್ಟಿ, ಬಾಗಿಲ ಕೆಳಗಿನ ಅಂಚು. ನೆಲ ಒಣಗಿದ್ದ ದಿನ, ಎಂದಿನ ಭಾರ ಹೇರಿಕೊಂಡು ಅದೇ ದಾರಿಯಲ್ಲಿ ಹೋಗಿಬಂದರು. ಭಾರವಿಲ್ಲದೆ ಈ ಪರೀಕ್ಷೆ ಮಾಡಿದರೆ ಫಲವಿಲ್ಲ.

ವಾಪಸು ಬಂದಾಗ ಮೂರು ಕಡೆ ಸುಣ್ಣ ಹೋಗಿತ್ತು. ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್‌ನ ತಳ ಉಜ್ಜಿ ಹೊಳೆಯುತ್ತಿತ್ತು. ಹಿಂದಿನ ಆಕ್ಸಲ್ಲಿನ ಬಲಬದಿಯ ಕೆಳ ಬ್ರ್ಯಾಕೆಟ್ ಅಂಚಿನಲ್ಲಿ ಯರಿ ಮಣ್ಣು ಪದರವಾಗಿ ಅಂಟಿತ್ತು. ಅಡ್ಡಪಟ್ಟಿಯ ಮೇಲೆ ಮಾತ್ರ ಉದ್ದುದ್ದ ಗೀರು, ಅದರಲ್ಲಿ ಮುರುಮಿನ ಕೆಂಪು. ಮೊದಲ ಎರಡು ಜಾಡಿನ ನಡುವಿನ ದಿಬ್ಬದ ಕೆಲಸ. ಮೂರನೆಯದು ಏರಿನ ನೆತ್ತಿಯಲ್ಲಿ ಮುಂದಿನ ಗಾಲಿ ದಾಟಿ ಹಿಂದಿನದು ಇನ್ನೂ ಏರುತ್ತಿದ್ದಾಗ ಹೊಟ್ಟೆ ಕೂತದ್ದು. ಅಂದರೆ ಲಿಫ್ಟ್‌ನಿಂದ ಬಗೆಹರಿಯುವುದು ಮೂರನೆಯದು ಮತ್ತು ಕಮಾನಿನ ರಾಡಿ. ಉಳಿದದ್ದಕ್ಕೆ ಮದ್ದು ಬೇರೆ.

ಕಾಟಾದ ಮೇಲೆ

ಸ್ಪ್ರಿಂಗ್ ಆರಿಸುವವರು ಎತ್ತರ ಕೇಳುತ್ತಾರೆ, ತೂಕ ಕೇಳುವವರು ಕಡಿಮೆ. ಸ್ಪ್ರಿಂಗ್ ಮಾರುವುದು ಮಾತ್ರ ತೂಕದ ಲೆಕ್ಕದಲ್ಲಿ: ಇಂತಿಷ್ಟು ಕಿಲೋ ಸದಾ ಹೊತ್ತಿರುವ ಗಾಡಿಗೆ ಇಂಥ ಸ್ಪ್ರಿಂಗ್ ಎಂದು. ಕಲಬುರಗಿಯಲ್ಲಿ ತೂಕ ನೋಡಲು ಪೇಚಾಡಬೇಕಿಲ್ಲ, ಗಂಜ್ ಕಡೆ ಹೋದರೆ ತೊಗರಿ ಲಾರಿ ತೂಗುವ ಕಾಟಾ ಸಿಗುತ್ತದೆ. ಮೊದಲು ಮುಂದಿನ ಗಾಲಿಗಳನ್ನಷ್ಟೇ ತಟ್ಟೆಯ ಮೇಲೆ ನಿಲ್ಲಿಸಿ ಒಂದು ಚೀಟಿ, ಆಮೇಲೆ ಇಡೀ ಗಾಡಿಗೆ ಇನ್ನೊಂದು. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲ್ಲಿನ ಭಾರ.

ಖಾಲಿ ಗಾಡಿ 1,200 ಕೆ.ಜಿ.: ಮುಂದೆ 640, ಹಿಂದೆ 560. ಇಬ್ಬರು ಕೂತು ಎಂದಿನ ಸಾಮಾನು ಹೇರಿದ ಮೇಲೆ 1,450: ಮುಂದೆ 715, ಹಿಂದೆ 735. ಏರಿದ 250 ಕಿಲೋದಲ್ಲಿ 175 ಹಿಂದಕ್ಕೇ ಹೋಯಿತು. ಹಬ್ಬಿನ ನಡುವಿನಿಂದ ಕಮಾನಿನ ಅಂಚಿಗೆ ಟೇಪು ಹಿಡಿದಾಗ ಹಿಂಭಾಗ ಖಾಲಿ ಇದ್ದದ್ದಕ್ಕಿಂತ 35 ಮಿ.ಮೀ. ಕುಸಿದಿತ್ತು. ಇದು ಒಂದೂವರೆ ಇಂಚಿಗೆ ಹತ್ತಿರ. ಅವರು ಕೊಳ್ಳಹೊರಟಿದ್ದ ಎತ್ತರದ ಅರ್ಧದಷ್ಟನ್ನು ಹೊರೆಯೇ ತಿಂದಿತ್ತು.

ಈ ಜಿಮ್ನಿಯ ಒಟ್ಟು ತೂಕದ ಮಿತಿ 1,545 ಕೆ.ಜಿ. ಕಬ್ಬಿಣದ ಬಂಪರ್, ವಿಂಚ್ ಸೇರಿ 65 ಕಿಲೋ ಎಂದು ಹಿಡಿದರೂ ಅಂಕಿ 1,515ಕ್ಕೆ ಹೋಗುತ್ತದೆ. ಮೂರನೆಯವರು ಹತ್ತಿದರೆ ಮಿತಿ ದಾಟಿತು. ಆ 65 ಕಿಲೋ ಮುಂದಿನ ಆಕ್ಸಲ್ಲಿಗಿಂತಲೂ ಮುಂದೆ ತೂಗುವುದರಿಂದ ಮುಂದಿನ ಸ್ಪ್ರಿಂಗ್ ಕೂಡ ಭಾರಿಯದೇ ಬೇಕು. ಬಂಪರ್ ಹಾಕದೆ ಭಾರಿ ಸ್ಪ್ರಿಂಗ್ ಮಾತ್ರ ಹಾಕಿದರೆ ಮೂತಿ ಬೇಡದಷ್ಟು ಮೇಲೇಳುತ್ತದೆ, ಡಾಂಬರಿನ ಮೇಲೂ ಗಾಡಿ ಎತ್ತಿ ಹಾಕುತ್ತದೆ. ವಿಂಚ್ ಕೈಬಿಡುವುದು ಇಲ್ಲಿ ಕಷ್ಟದ ತೀರ್ಮಾನವೇನಲ್ಲ. ತೊಗರಿ ಸೀಮೆಯಲ್ಲಿ ಒಂದು ಕೂಗಿಗೆ ಟ್ರ್ಯಾಕ್ಟರ್ ಬರುತ್ತದೆ. ಹಗ್ಗ ಕಟ್ಟುವಾಗ ಎಚ್ಚರ ಬೇಕು, ಅಷ್ಟೇ: ಚಾಸಿಯ ಕೊಂಡಿಗೆ ಕಟ್ಟಬೇಕು. ಆಕ್ಸಲ್‌ಗೋ ಪ್ಯಾನ್‌ಹಾರ್ಡ್ ರಾಡಿಗೋ (ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ರಾಡು) ಕಟ್ಟಿ ಎಳೆಸಿದರೆ ಗಾಡಿ ಹೊರಗೆ ಬರುತ್ತದೆ, ಅಲೈನ್‌ಮೆಂಟ್ ಕೆಸರಲ್ಲೇ ಉಳಿಯುತ್ತದೆ.

ಮುಂದಿಟ್ಟ ಮೂರು ದಾರಿಗಳು

ಅಗ್ಗದ್ದು 30 ಮಿ.ಮೀ. ಪಾಲಿಯುರಿಥೇನ್ ಸ್ಪೇಸರ್. ಹಳೆ ಸ್ಪ್ರಿಂಗ್ ಜೊತೆ ಈ ಬಿಲ್ಲೆ ಇಟ್ಟರೆ ಗಾಡಿ ಅಷ್ಟು ಏಳುತ್ತದೆ. ಆದರೆ ಶಾಕ್ ಹಳೆಯದೇ ಆದ್ದರಿಂದ ಗಾಲಿ ಕೆಳಗಿಳಿಯುವ ಹರವು ಅಷ್ಟೇ ಕಡಿಮೆಯಾಗುತ್ತದೆ. ತಗ್ಗಿನಲ್ಲಿ ಶಾಕ್ ಪೂರ್ತಿ ಹಿಗ್ಗಿ ಧಡ್ ಎನ್ನುತ್ತದೆ, ಗಾಲಿ ಬೇಗ ನೆಲ ಬಿಡುತ್ತದೆ. ಎಲ್ಲಕ್ಕಿಂತ ಮುಖ್ಯ, ಸ್ಪ್ರಿಂಗಿನ ಗಡಸು ಬದಲಾಗದ ಕಾರಣ ಭಾರ ಹೇರಿದಾಗ ಅದೇ 35 ಮಿ.ಮೀ. ಕುಸಿತ. ಖಾಲಿ ಓಡಾಡುವ ಗಾಡಿಗೆ ಇದು ಸಾಕಾಗಬಹುದು, ಇದಕ್ಕಲ್ಲ.

3 ಇಂಚಿನ ಕಿಟ್‌ನ ತೊಂದರೆ ಎತ್ತರದಲ್ಲಿಲ್ಲ, ಕೋನಗಳಲ್ಲಿದೆ. ಜಿಮ್ನಿಯ ಮುಂದಿನ ಆಕ್ಸಲ್‌ನ್ನು ಹಿಡಿದ ತೋಳುಗಳು ಹಿಂದೆ ಚಾಸಿಗೆ ಸೇರುತ್ತವೆ. ಗಾಡಿ ಎತ್ತಿದಂತೆ ತೋಳಿನ ಮುಂದಿನ ತುದಿ ಕೆಳಗಿಳಿದು, ಆಕ್ಸಲ್ ಮುಂದಕ್ಕೆ ಉರುಳಿದಂತೆ ತಿರುಗುತ್ತದೆ. ಕ್ಯಾಸ್ಟರ್ ಕೋನ, ಅಂದರೆ ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, ಇಳಿಯುತ್ತದೆ. ಸ್ಟಿಯರಿಂಗ್ ತಿರುಗಿಸಿ ಬಿಟ್ಟಾಗ ತಾನೇ ನೆಟ್ಟಗಾಗುವುದು ಈ ಕೋನದಿಂದ. ಲೆಕ್ಕ ಸರಳ: ಎತ್ತರವನ್ನು ತೋಳಿನ ಉದ್ದದಿಂದ ಭಾಗಿಸಿ 57.3ರಿಂದ ಗುಣಿಸಿದರೆ ಕಳೆದುಹೋಗುವ ಡಿಗ್ರಿ ಬರುತ್ತದೆ. ತೋಳು 650 ಮಿ.ಮೀ. ಎಂದು ಹಿಡಿದರೆ 40 ಮಿ.ಮೀ. ಲಿಫ್ಟ್‌ಗೆ 3.5 ಡಿಗ್ರಿ, 75 ಮಿ.ಮೀ.ಗೆ 6.6 ಡಿಗ್ರಿ. ಪಕ್ಕಕ್ಕೆ ತೂತು ಸರಿಸಿದ ಕ್ಯಾಸ್ಟರ್ ಬುಷ್‌ಗಳು ಮರಳಿ ಕೊಡುವುದು 2ರಿಂದ 3 ಡಿಗ್ರಿ. 40ಕ್ಕೆ ಅದು ಹೆಚ್ಚುಕಡಿಮೆ ಸಾಲುತ್ತದೆ. 75ಕ್ಕೆ ತೋಳನ್ನೇ ಬದಲಿಸಬೇಕು, ಇಲ್ಲವೆ ಚಾಸಿ ಕಡೆಯ ತಿರುಗಣಿಯನ್ನು ಬ್ರ್ಯಾಕೆಟ್ ಹಾಕಿ ಕೆಳಗಿಳಿಸಬೇಕು. ಕೆಳಗಿಳಿಸಿದ ಬ್ರ್ಯಾಕೆಟ್ ಮತ್ತೆ ದಿಬ್ಬಕ್ಕೆ ಬಡಿಯುವ ಹೊಸ ಜಾಗ.

ಅಲ್ಲಿಗೂ ನಿಲ್ಲುವುದಿಲ್ಲ. ಕ್ಯಾಸ್ಟರ್ ವಾಪಸು ತರಲು ಆಕ್ಸಲ್‌ನ್ನು ಹಿಂದಕ್ಕೆ ತಿರುಗಿಸಿದರೆ ಡಿಫರೆನ್ಷಿಯಲ್‌ನ ಪಿನಿಯನ್ ಮೂತಿ ಕೆಳಮುಖವಾಗಿ, ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಜಾಯಿಂಟ್ ಹೆಚ್ಚು ಮುರಿಯುತ್ತದೆ. ಸ್ಟಿಯರಿಂಗ್‌ಗೆ ಒಳ್ಳೆಯದಾದದ್ದು ಶಾಫ್ಟ್‌ಗೆ ಕೆಟ್ಟದ್ದು. ಜಿಮ್ನಿಯಲ್ಲಿ ಮುಂದಿನ ಹಬ್ಬುಗಳು ವ್ಯಾಕ್ಯೂಮ್‌ನಿಂದ ಕೂಡಿ ಬಿಡುವಂಥವು, ಆದ್ದರಿಂದ 2ಎಚ್‌ನಲ್ಲಿ (ಹಿಂದಿನ ಗಾಲಿಗಷ್ಟೇ ಶಕ್ತಿ) ಈ ಶಾಫ್ಟ್ ಸುಮ್ಮನಿರುತ್ತದೆ. ನಡುಕ ಗೊತ್ತಾಗುವುದು 4ಎಚ್‌ಗೆ (ನಾಲ್ಕೂ ಗಾಲಿಗೆ ಶಕ್ತಿ) ಹಾಕಿ ವೇಗ ಹೆಚ್ಚಿಸಿದಾಗ. ಗ್ಯಾರೇಜಿನಿಂದ ಸರ್ಕಲ್‌ವರೆಗೆ ಓಡಿಸಿ "ಎಲ್ಲಾ ಬರಾಬರ್" ಅನ್ನುವವರ ಕೈಗೆ ಇದು ಸಿಗದು.

ಪ್ಯಾನ್‌ಹಾರ್ಡ್ ರಾಡ್ ಇನ್ನೊಂದು. ಒಂದು ತುದಿ ಚಾಸಿಗೆ, ಇನ್ನೊಂದು ಆಕ್ಸಲ್‌ಗೆ. ಗಾಡಿ ಎದ್ದರೆ ರಾಡ್ ಹೆಚ್ಚು ಓರೆಯಾಗಿ ಆಕ್ಸಲ್‌ನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. 40 ಮಿ.ಮೀ.ಗೆ ಆಗುವ ಸರಿತ ಕೆಲವೇ ಮಿಲಿಮೀಟರ್, ಆದರೆ ಎತ್ತರ ದುಪ್ಪಟ್ಟಾದರೆ ಸರಿತ ದುಪ್ಪಟ್ಟಿಗಿಂತ ಹೆಚ್ಚು. ಅದಕ್ಕೇ 3 ಇಂಚಿಗೆ ಉದ್ದ ಹೊಂದಿಸಬಹುದಾದ ರಾಡ್ ಮುಂದೆ ಹಿಂದೆ ಎರಡೂ ಕಡೆ ಕಡ್ಡಾಯ. ಕಿಟ್‌ನ ಬೆಲೆ ಕೇಳುವಾಗ ಈ ರಾಡ್, ತೋಳು, ಉದ್ದ ಬ್ರೇಕ್ ಹೋಸ್, ಸ್ಟೆಬಿಲೈಜರ್ ಲಿಂಕ್ (ಗಾಡಿ ವಾಲದಂತೆ ತಡೆಯುವ ದಂಡದ ಕೊಂಡಿ) ಒಳಗಿವೆಯೇ ಎಂದು ಕೇಳದಿದ್ದರೆ ಅಗ್ಗವೆಂದು ಕಂಡದ್ದು ಅಗ್ಗವಲ್ಲ.

ಪ್ರತಿಯಾಗಿ ಸಿಗುವುದೇನು? ಐದು ಬಾಗಿಲಿನ ಜಿಮ್ನಿಯ ಗಾಲಿ ಅಂತರ 2,590 ಮಿ.ಮೀ., ಹೊಟ್ಟೆ ತಾಗದೆ ದಾಟುವ ದಿಬ್ಬದ ಕೋನ 24 ಡಿಗ್ರಿ. ಇಷ್ಟು ಉದ್ದದ ಗಾಡಿಗೆ 40 ಮಿ.ಮೀ. ಎತ್ತರ ಕೂಡಿದರೆ ಸುಮಾರು ಮೂರೂವರೆ ಡಿಗ್ರಿ, 75ಕ್ಕೆ ಆರೂವರೆ. ಆ ಮೂರು ಡಿಗ್ರಿಗಾಗಿ, ಬಹುಪಾಲು ಡಾಂಬರಿನಲ್ಲೇ 80ರ ವೇಗದಲ್ಲಿ ಓಡುವ ಗಾಡಿಯ ಭಾರಕೇಂದ್ರವನ್ನು ಏರಿಸುವುದು ನಮ್ಮ ಲೆಕ್ಕದಲ್ಲಿ ನಷ್ಟದ ವ್ಯಾಪಾರ.

ಆರಿಸಿದ್ದು ನಡುವಿನದು: 40 ಮಿ.ಮೀ. ಸ್ಪ್ರಿಂಗ್, ಅದಕ್ಕೆ ತಕ್ಕ ಉದ್ದದ ಶಾಕ್. ಮುಂದೆ ಹೆಚ್ಚುವರಿ ಭಾರವಿಲ್ಲದ ಗಾಡಿಯ ಸ್ಪ್ರಿಂಗ್, ಹಿಂದೆ ಮಧ್ಯಮ ಹೊರೆಯದು. ಜೊತೆಗೆ ಕ್ಯಾಸ್ಟರ್ ಬುಷ್, ಸ್ಟೆಬಿಲೈಜರ್ ಲಿಂಕ್, ಬಂಪ್ ಸ್ಟಾಪ್ (ಆಕ್ಸಲ್ ಮೇಲೇರುವುದನ್ನು ತಡೆಯುವ ರಬ್ಬರ್) ಎತ್ತರಿಸುವ ಬಿಲ್ಲೆ. ಇಲ್ಲಿ ಒಂದು ಮಾತು: ಹೊರದೇಶದ ಕಿಟ್‌ಗಳಲ್ಲಿ ಬಹಳಷ್ಟು ಮೂರು ಬಾಗಿಲಿನ ಜೆಬಿ74ಗೆ ಮಾಡಿದವು. ನಮ್ಮದು ಐದು ಬಾಗಿಲಿನ ಜೆಸಿ74, ಉದ್ದವೂ ಹೆಚ್ಚು, ಹಿಂದಿನ ಭಾರವೂ ಹೆಚ್ಚು. ಮೂರು ಬಾಗಿಲಿನ ಹಿಂದಿನ ಸ್ಪ್ರಿಂಗ್ ಇದಕ್ಕೆ ಕೂರುತ್ತದೆ, ಹೇಳಿದಷ್ಟು ಎತ್ತರ ಕೊಡುವುದಿಲ್ಲ. ಪೆಟ್ಟಿಗೆ ಮೇಲಿನ ಮಾದರಿ ಸಂಖ್ಯೆ ಓದಿಯೇ ದುಡ್ಡು ಕೊಡಬೇಕು.

ಟೈರ್

ಕಂಪನಿಯ 195/80 ಆರ್15ರ ವ್ಯಾಸ 693 ಮಿ.ಮೀ. ಕೇಳಿಕೊಂಡು ಬಂದಿದ್ದ 235/75ರದ್ದು 733, ಆಕ್ಸಲ್ ಕೆಳಗೆ 20 ಮಿ.ಮೀ. ಲಾಭ. ಆದರೆ ಅದು ಕಂಪನಿಯ 5.5 ಇಂಚಿನ ರಿಮ್‌ಗೆ ಅಗಲ ಹೆಚ್ಚು, ರಿಮ್ ಬದಲಿಸಬೇಕು. ವ್ಯಾಸ ಶೇ. 5.8 ಹೆಚ್ಚಾದಂತೆ ಗೇರೂ ಅಷ್ಟು ಭಾರವಾಗುತ್ತದೆ. 134 ಎನ್‌ಎಂ ಟಾರ್ಕಿನ ಎಂಜಿನ್‌ಗೆ ಇದು ಏರಿನಲ್ಲಿ ಗೊತ್ತಾಗುತ್ತದೆ. ಮೀಟರ್ 100 ತೋರಿಸುವಾಗ ಓಟ 5-6 ಕಿ.ಮೀ. ಹೆಚ್ಚಾಗುತ್ತದೆ. ಯರಿ ನೆಲದಲ್ಲಿ ಇನ್ನೊಂದು ಕಾರಣವಿದೆ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬಿ, ಟೈರ್‌ಗೆ ಸುತ್ತಿಕೊಂಡು ಕಮಾನಿನೊಳಗೆ ಗಟ್ಟಿಯಾಗುತ್ತದೆ. ಎತ್ತಿ ಗಳಿಸಿದ ಜಾಗವನ್ನು ದೊಡ್ಡ ಟೈರ್‌ನಿಂದ ತುಂಬಿಸಿದರೆ ಲೈನರ್ ಮತ್ತೆ ಕಿತ್ತುಬರುತ್ತದೆ.

ಹಾಗಾಗಿ 215/75 ಆರ್15 ಮಡ್ ಟೆರೈನ್, ಹಳೆ ರಿಮ್‌ನ ಮೇಲೆಯೇ. ವ್ಯಾಸ 703, ಆಕ್ಸಲ್ ಕೆಳಗೆ ಸಿಗುವುದು 5 ಮಿ.ಮೀ. ಮಾತ್ರ, ಅದರಲ್ಲಿ ಮುಚ್ಚುಮರೆಯಿಲ್ಲ. ಆಲ್ ಟೆರೈನ್ ಬಿಟ್ಟದ್ದು ಯಾಕೆಂದರೆ ಅದರ ಸಣ್ಣ ಸಂದುಗಳು ಯರಿಯಲ್ಲಿ ನಾಲ್ಕು ಸುತ್ತಿಗೆ ತುಂಬಿ ಟೈರ್ ನುಣ್ಣಗಾಗಿಬಿಡುತ್ತದೆ. ಮಡ್ ಟೈರ್‌ನ ಅಗಲ ಸಂದುಗಳು ಗಾಲಿ ಜೋರಾಗಿ ತಿರುಗಿದಾಗ ಮಣ್ಣು ಉಗುಳುತ್ತವೆ. ಬದಲಿಗೆ ಡಾಂಬರಿನ ಮೇಲೆ ಗುಂಯ್ ಎನ್ನುವ ಸದ್ದು ಸಹಿಸಬೇಕು. ಹಿಂದಿನ ಡಿಫರೆನ್ಷಿಯಲ್ ಕೆಳಗೆ ಉಕ್ಕಿನ ಗಾರ್ಡ್ ಹಾಕಲಾಯಿತು. ಓಡಿಸುವ ರೀತಿ ಕೂಡ ಬದಲಾಗಬೇಕಿತ್ತು: ಎರಡೂ ಗಾಲಿ ಜಾಡಿಗೆ ಇಳಿಸುವ ಬದಲು ಒಂದು ಗಾಲಿ ನಡುದಿಬ್ಬದ ಮೇಲೆ, ಇನ್ನೊಂದು ಹೊಲದ ಅಂಚಿನ ಮೇಲೆ. ಹೌಸಿಂಗ್ ಉಜ್ಜುವುದಕ್ಕೆ ಇದಕ್ಕಿಂತ ಒಳ್ಳೆಯ ಬಿಡಿಭಾಗ ಯಾವ ಅಂಗಡಿಯಲ್ಲೂ ಇಲ್ಲ. ಮಳೆ ಹೊಡೆದ ಮರುದಿನ ಯಾವ ಟೈರ್ ಹಾಕಿದರೂ ಯರಿಗೆ ಇಳಿಯಬಾರದು ಎಂಬುದು ಆ ಕಡೆಯವರಿಗೆ ಹೇಳಬೇಕಾದ ಮಾತಲ್ಲ.

ಕೂರಿಸುವಾಗ

ಸ್ಪ್ರಿಂಗ್ ತೆಗೆದ ಮೇಲೆ, ಹೊಸದನ್ನು ಹಾಕುವ ಮೊದಲು, ಶಾಕ್ ಮಾತ್ರ ಕಟ್ಟಿ ಆಕ್ಸಲ್‌ನ್ನು ಜಾಕ್‌ನಿಂದ ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ ನೋಡಲಾಯಿತು. ಮೇಲೆ ಹೋದಾಗ ಬಂಪ್ ಸ್ಟಾಪ್ ಮೊದಲು ತಾಗಬೇಕು, ಶಾಕ್ ಆಮೇಲೆ. ಉದ್ದದ ಶಾಕ್ ಮಡಚಿದಾಗಲೂ ಉದ್ದವೇ. ಅದು ಮೊದಲು ತಳ ಮುಟ್ಟಿದರೆ ಹೊಡೆತವೆಲ್ಲ ಶಾಕ್‌ನ ಕಿವಿಗೆ ಬಿದ್ದು ಬ್ರ್ಯಾಕೆಟ್ ಹರಿಯುತ್ತದೆ. ಬಲ ಹಿಂದಿನ ಮೂಲೆಯಲ್ಲಿ ಹಾಗೇ ಆಗುತ್ತಿತ್ತು, ಬಂಪ್ ಸ್ಟಾಪ್‌ಗೆ ಇನ್ನೊಂದು ಬಿಲ್ಲೆ ಬೇಕಾಯಿತು. ಕೆಳಗಿಳಿಸಿದಾಗ ನೋಡಬೇಕಾದ್ದು ಬ್ರೇಕ್ ಹೋಸ್, ಎಬಿಎಸ್ ತಂತಿ, ಹಬ್ಬಿನ ವ್ಯಾಕ್ಯೂಮ್ ಪೈಪ್, ಡಿಫರೆನ್ಷಿಯಲ್‌ನ ಉಸಿರುಗೊಳವೆ. ಸ್ಟಿಯರಿಂಗ್ ಎರಡೂ ತುದಿಗೆ ತಿರುಗಿಸಿ ನೋಡಬೇಕು, ನೆಟ್ಟಗಿರುವಾಗ ಸಡಿಲವಿದ್ದ ಹೋಸ್ ತಿರುಗಿದಾಗ ಬಿಗಿಯುತ್ತದೆ. ಇಲ್ಲಿ ಮುಂದಿನ ಬ್ರೇಕ್ ಹೋಸಿನ ಕ್ಲಿಪ್ಪನ್ನು ಸಣ್ಣ ಪಟ್ಟಿಯಿಂದ ಕೆಳಗೆ ತಂದರೆ ಸಾಕಾಯಿತು.

ತೋಳು ಮತ್ತು ಪ್ಯಾನ್‌ಹಾರ್ಡ್ ಬೋಲ್ಟುಗಳನ್ನು ಗಾಡಿ ಜಾಕ್‌ನ ಮೇಲಿರುವಾಗ ಕೈಬಿಗಿಯಷ್ಟೇ ಹಾಕಿ, ನಾಲ್ಕೂ ಗಾಲಿ ನೆಲದ ಮೇಲೆ ನಿಂತು ಪೂರ್ತಿ ತೂಕ ಬಿದ್ದ ಮೇಲೆ ಬಿಗಿಯಬೇಕು. ಅವಸರದ ಮಿಸ್ತ್ರಿಗಳು ತಪ್ಪುವುದು ಇಲ್ಲೇ. ಮೇಲಿದ್ದಾಗಲೇ ಬಿಗಿದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡಿದ್ದು, ಬೇಗ ಸೀಳುತ್ತದೆ.

ಕೂರಿಸಿದ ಮೇಲೆ ಖಾಲಿ ಗಾಡಿಯಲ್ಲಿ ಅಳತೆ: ಮುಂದೆ ಬಲಕ್ಕೆ 41, ಎಡಕ್ಕೆ 44, ಹಿಂದೆ ಸರಾಸರಿ 52 ಮಿ.ಮೀ. ಏರಿಕೆ. ಹಳೆ ಭಾರವನ್ನೇ ಹೇರಿದಾಗ ಹಿಂಭಾಗದ ಕುಸಿತ 35ರಿಂದ 28ಕ್ಕೆ ಇಳಿದಿತ್ತು. ಗೌಂಡಿಯ ತೂಗುಗುಂಡನ್ನು ಕಮಾನಿನ ಅಂಚಿನಿಂದ ಇಳಿಬಿಟ್ಟು ಟೈರ್‌ವರೆಗಿನ ಅಂತರ ನೋಡಿದರೆ ಎಡಬಲಕ್ಕೆ 7 ಮಿ.ಮೀ. ವ್ಯತ್ಯಾಸ. ಆಕ್ಸಲ್ ಅದರ ಅರ್ಧ, ಅಂದರೆ ಮೂರೂವರೆ ಮಿ.ಮೀ. ಸರಿದಿದೆ. ಅದಕ್ಕಾಗಿ ಹೊಸ ರಾಡ್ ಬೇಡವೆಂದು ಬಿಡಲಾಯಿತು.

ಓಡಿಸಿದಾಗ ಮಾತ್ರ ಗಾಡಿ ಸರಿ ಇರಲಿಲ್ಲ. ತಿರುವಿನಿಂದ ಹೊರಬರುವಾಗ ಸ್ಟಿಯರಿಂಗ್ ತಾನಾಗಿ ನೆಟ್ಟಗಾಗುತ್ತಿರಲಿಲ್ಲ, ಬಿಟ್ಟಲ್ಲೇ ನಿಲ್ಲುತ್ತಿತ್ತು. ಅಲೈನ್‌ಮೆಂಟ್ ಅಂಗಡಿಯಲ್ಲಿ ಟೋ (ಗಾಲಿಗಳ ಮೂತಿ ಒಳಗೆ-ಹೊರಗೆ ತಿರುಗಿರುವ ಅಳತೆ) ನೋಡಿ ಎಲ್ಲ ಸರಿಯಿದೆ ಎಂದರು. ಗಟ್ಟಿ ಆಕ್ಸಲ್‌ನಲ್ಲಿ ಲಿಫ್ಟ್ ಮಾಡಿದರೆ ಟೋ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಕ್ಯಾಂಬರ್ (ಗಾಲಿ ಒಳಗೆ-ಹೊರಗೆ ವಾಲಿರುವ ಕೋನ) ಕೂಡ ಅಷ್ಟೇ. ಕೇಳಬೇಕಾದ್ದು ಕ್ಯಾಸ್ಟರ್‌ನ ಚೀಟಿ. ಕೇಳಿ ಪಡೆದಾಗ ಕ್ಯಾಸ್ಟರ್ ಲಿಫ್ಟ್‌ಗೆ ಮುಂಚಿನ ಚೀಟಿಗಿಂತ 6 ಡಿಗ್ರಿ ಕಡಿಮೆ. ಲಿಫ್ಟ್‌ನಿಂದ ಮೂರೂವರೆ ಹೋಗಿ ಬುಷ್‌ನಿಂದ ಎರಡೂವರೆ ವಾಪಸು ಬಂದರೆ ಕೊರತೆ 1 ಇರಬೇಕಿತ್ತು. ಮೂರೂವರೆಗೆ ಎರಡೂವರೆ ಕೂಡಿದರೆ 6. ಬುಷ್ ತಿರುವುಮುರುವಾಗಿ ಪ್ರೆಸ್ ಆಗಿತ್ತು. ಬಿಚ್ಚಿದಾಗ ಗುರುತಿನ ಗೆರೆ ಎರಡೂ ತೋಳಿನಲ್ಲಿ ಒಂದೇ ತಪ್ಪು ದಿಕ್ಕಿಗಿತ್ತು. ಒತ್ತಿ ತೆಗೆದ ಬುಷ್ ಮರುಬಳಕೆಗೆ ಬಾರದು, ಹೊಸ ಜೋಡಿ ಹಾಕಬೇಕಾಯಿತು. ಮುಂಚಿನ ಚೀಟಿ ಇರದಿದ್ದರೆ ಸ್ಟಿಯರಿಂಗ್ ಡ್ಯಾಂಪರ್, ಟೈರ್ ಬ್ಯಾಲೆನ್ಸ್ ಎಂದು ಒಂದೊಂದೇ ಬದಲಿಸುತ್ತ ಹೋಗುತ್ತಿದ್ದರು.

ಸ್ಟಿಯರಿಂಗ್ ಚಕ್ರ ಓರೆ ನಿಂತದ್ದನ್ನು ಸ್ಟಿಯರಿಂಗ್‌ನಿಂದ ಗಾಲಿಗೆ ಹೋಗುವ ಡ್ರ್ಯಾಗ್ ಲಿಂಕ್‌ನಲ್ಲಿ ಸರಿಮಾಡಿ, ಸ್ಕ್ಯಾನರ್ ಹಾಕಿ ಸ್ಟಿಯರಿಂಗ್ ಕೋನದ ಸೆನ್ಸರ್‌ನ್ನು ಸೊನ್ನೆಗೆ ತಂದ ಮೇಲೆ ಇಎಸ್‌ಪಿ (ಗಾಡಿ ಜಾರದಂತೆ ಹಿಡಿಯುವ ವ್ಯವಸ್ಥೆ) ದೀಪ ಆರಿತು. ಹೆಡ್‌ಲೈಟ್‌ಗಳನ್ನು ಗೋಡೆಗೆ ಹಿಡಿದು ಕೆಳಗಿಳಿಸಲಾಯಿತು. ಇದನ್ನು ಬಿಟ್ಟರೆ ಹುಮನಾಬಾದ್ ರಸ್ತೆಯಲ್ಲಿ ಎದುರಿನವರ ಬೈಗುಳ ಖಾಯಂ.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ಹೊಂದದ ಬದಲಾವಣೆಯನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. 182ಎ(4)ರ ಪ್ರಕಾರ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಬಹುದು, ಸಸ್ಪೆನ್ಷನ್ ಭಾಗದ ವಾರಂಟಿ ಹೋದಂತೆಯೇ. ಇದನ್ನು ಮಾಲೀಕರಿಗೆ ಕಿಟ್ ತರಿಸುವ ಮೊದಲೇ ಹೇಳಲಾಗಿತ್ತು. ಕತ್ತರಿಸುವ, ವೆಲ್ಡ್ ಮಾಡುವ ಯಾವುದನ್ನೂ ಮಾಡದೆ ಬಿಚ್ಚಿ ಮೊದಲಿನಂತೆ ಮಾಡಬಹುದಾದ ಕಿಟ್‌ನ್ನೇ ಆರಿಸಿದ್ದಕ್ಕೆ ಇದೂ ಒಂದು ಕಾರಣ. ಹಳೆ ಸ್ಪ್ರಿಂಗ್, ಶಾಕ್‌ಗಳನ್ನು ಎಡ-ಬಲ ಚೀಟಿ ಅಂಟಿಸಿ ಇಟ್ಟುಕೊಂಡಿದ್ದಾರೆ. ಚಿಂಚೋಳಿ ವನ್ಯಜೀವಿ ಧಾಮದೊಳಗೆ ಗಾಡಿ ಪರೀಕ್ಷೆ ಮಾಡುವ ಆಸೆಯನ್ನೂ ಅಲ್ಲೇ ಕೈಬಿಡಿಸಲಾಯಿತು.

ಸಾವಿರ ಕಿಲೋಮೀಟರ್ ಓಡಿದ ಮೇಲೆ ಎಲ್ಲ ಬೋಲ್ಟು ಮತ್ತೆ ಬಿಗಿಯಲಾಯಿತು. ಸ್ಪ್ರಿಂಗ್ ನಾಲ್ಕೈದು ಮಿ.ಮೀ. ಕೂತಿತ್ತು, ಇದು ಸಹಜ. ಮತ್ತೆ ಸುಣ್ಣ ಬಳಿದು ಅದೇ ಹೊರೆಯಲ್ಲಿ ಕಳಿಸಿದಾಗ ಅಡ್ಡಪಟ್ಟಿ ಬಳಿದಂತೆಯೇ ವಾಪಸು ಬಂತು. ಹಿಂದಿನ ಗಾರ್ಡ್‌ನ ತಳದಲ್ಲಿ ಅಂಗೈಯಗಲ ಮಾತ್ರ ಉಜ್ಜಿತ್ತು. ಬಾಕಿ ಉಳಿದ ಕೆಲಸ ಒಂದೇ: ಹಿಂದಿನ ಡಿಫರೆನ್ಷಿಯಲ್‌ನ ಉಸಿರುಗೊಳವೆಯನ್ನು ಉದ್ದ ಮಾಡಿ ಎತ್ತರಕ್ಕೆ ಕಟ್ಟುವುದು. ಬಿಸಿಯಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಆ ಗೊಳವೆಯಿಂದಲೇ ನೀರು ಎಳೆದುಕೊಳ್ಳುತ್ತದೆ, ಆಯಿಲ್ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತದೆ. ಮುಂಗಾರಿಗೆ ಮುಂಚೆ ಅದನ್ನು ಮುಗಿಸಿ, ಮಳೆಗಾಲ ಕಳೆದ ಮೇಲೆ ಡ್ರೇನ್ ಬೋಲ್ಟು ಬಿಚ್ಚಿ ಆಯಿಲ್ ನೋಡಬೇಕು.